ಇಪ್ಪತ್ತೆರಡು ಗಾಡಿ, ಒಂದು ಕೈ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ, ತಾರಿಹಾಳದ ಮೆಣಸಿನಕಾಯಿ ಗೋದಾಮಿನಲ್ಲಿ, ಹದಿನೇಳನೇ ನಂಬರಿನ ಫೋರ್ಕ್‌ಲಿಫ್ಟು ಹಿಂದಕ್ಕೆ ಬಂದು ಹಮಾಲ ದಾವಲಸಾಬ ನದಾಫನ ಎಡಗಾಲನ್ನು ಕಬ್ಬಿಣದ ಕಂಬಕ್ಕೆ ಒತ್ತಿ ಪುಡಿ ಮಾಡಿತು. ಗಾಡಿಯ ಮೇಲೆ ಯಾರೂ ಇರಲಿಲ್ಲ. ಅದನ್ನು ಓಡಿಸುತ್ತಿದ್ದದ್ದು ಹುಲಿಗೆವ್ವನ ಕೈ. ಆ ಹೊತ್ತಿಗೆ ಹುಲಿಗೆವ್ವ ಆರು ಕಿಲೋಮೀಟರ್ ಆಚೆ, ಹುಬ್ಬಳ್ಳಿಯ ತನ್ನ ಮನೆಯಲ್ಲಿ, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು.

ಸುದ್ದಿ ತಂದದ್ದು ಕಡಗ. ಬಲಗೈ ಮಣಿಕಟ್ಟಿನಲ್ಲಿ ಮೂರು ವರ್ಷದಿಂದ ಕೂತಿದ್ದ ಆ ಬೂದು ಬಣ್ಣದ ಕಡಗ ದಿನವೂ ರೊಟ್ಟಿ ಬಡಿಯುವಾಗ ಗುಂಯ್‌ಗುಡುತ್ತಿತ್ತು. ಕೈ ಸವೆಯುವ ಕೆಲಸ ಮಾಡಬಾರದೆಂಬುದು ಕಂಪನಿಯ ಕರಾರು. ರೊಟ್ಟಿ ಬಡಿಯುವುದು, ಒಗೆಯುವುದು, ಕಾರ ಕುಟ್ಟುವುದು ಎಲ್ಲವೂ ಅದರ ಲೆಕ್ಕದಲ್ಲಿ ಸವೆತವೇ. ಗುಂಯ್‌ಗುಟ್ಟಿದರೆ ಗುಂಯ್‌ಗುಟ್ಟಲಿ, ಉಣ್ಣುವ ಬಾಯಿ ಕೇಳುತ್ತದೆಯೇ ಎಂದು ಆಕೆ ಬಡಿಯುತ್ತಲೇ ಇರುತ್ತಿದ್ದಳು. ಅಂದು ಅದು ಗುಂಯ್‌ಗುಡಲಿಲ್ಲ. ಕೆಂಪಗಾಯಿತು. ಒಳಗಿನಿಂದ ಒಂದು ಹೆಣ್ಣುದನಿ, ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಹೆಸರು ಹೇಳುವ ಹಾಗೆ, ಹೇಳಿತು: "ನಿಮ್ಮ ಕೈಯಿಂದ ಒಂದು ಅಪಘಾತ ಸಂಭವಿಸಿದೆ. ವಿಚಾರಣೆ ಮುಗಿಯುವವರೆಗೆ ಜಿಲ್ಲೆ ಬಿಟ್ಟು ಹೋಗುವಂತಿಲ್ಲ. ಕೈಗೆ ಗಾಯ ಮಾಡಿಕೊಳ್ಳುವಂತಿಲ್ಲ."

"ಯಾರ ಕೈಯಿಂದ?" ಎಂದಳು ಅತ್ತೆ ಸಂಕವ್ವ, ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ. "ಕೈ ಇಲ್ಲೇ ಹಿಟ್ಟಿನಾಗ ಐತೆಲ್ಲಾ!"

ಹುಲಿಗೆವ್ವ ತನ್ನ ಕೈ ನೋಡಿಕೊಂಡಳು. ಹೌದು, ಹಿಟ್ಟಿನಲ್ಲೇ ಇತ್ತು.

*

ಕೈ ಎರಡಾದದ್ದು ಮೂರು ವರ್ಷದ ಹಿಂದೆ.

ಮೆಣಸಿನಕಾಯಿ ಗೋದಾಮೆಂದರೆ ಕೆಂಪು ಧೂಳಿನ ಬಾವಿ. ಚೀಲ ಜಾರಿದರೆ ಸಾಕು, ಮೂರು ದಿನ ಗಾಳಿಯಲ್ಲಿ ಕಾರ ನಿಂತಿರುತ್ತದೆ. ಕಣ್ಣಿನಿಂದ ನೋಡಿ ತಾವೇ ಓಡುವ ಗಾಡಿಗಳನ್ನು ಕಂಪನಿ ಮೊದಲು ತರಿಸಿತ್ತು. ವಾರವೊಪ್ಪತ್ತಿನಲ್ಲಿ ಅವುಗಳ ಕ್ಯಾಮೆರಾಗಳಿಗೆ ಧೂಳು ಕೂತು, ಎದುರಿಗೆ ನೊಣ ಹಾರಿದರೂ ನಿಂತುಬಿಡತೊಡಗಿದವು. ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಲಕ್ಷಗಟ್ಟಲೆ ಸುರದು ಕುರುಡೀನ ಲಗ್ನ ಆಗ್ಯಾರಪಾ" ಎಂದು ದಾವಲಸಾಬ ಹೇಳಿದ್ದು ಮ್ಯಾನೇಜರನ ಕಿವಿಯವರೆಗೂ ಹೋಗಿತ್ತು.

ಆಮೇಲೆ ಬಂದದ್ದು ಕೈಗವಸು. ಗೋದಾಮಿನಲ್ಲಿ ಕಣ್ಣು ಮುಚ್ಚಿಯೂ ಗಾಡಿ ಓಡಿಸಬಲ್ಲವಳು ಹುಲಿಗೆವ್ವ ಒಬ್ಬಳೇ. ಹನ್ನೆರಡು ವರ್ಷ ಓಡಿಸಿದ್ದಳು. ಆರು ತಿಂಗಳು ಅವಳ ಬಲಗೈಗೆ ತೆಳ್ಳನೆಯ ಗವಸು ತೊಡಿಸಿದರು. ನರ ಎಲ್ಲಿ ಬಿಗಿಯುತ್ತದೆ, ಬೆರಳು ಎಲ್ಲಿ ಸಡಿಲಾಗುತ್ತದೆ, ಭಾರ ಒಂದು ಕಡೆ ವಾಲಿದಾಗ ಮಣಿಕಟ್ಟು ಎಷ್ಟು ಹಿಂಜರಿಯುತ್ತದೆ ಎಲ್ಲವನ್ನೂ ಅದು ಹೀರಿತು. ಹಾಗೆ ಹೀರಿದ್ದನ್ನು ಇಪ್ಪತ್ತೆರಡು ಗಾಡಿಗಳಿಗೆ ತುಂಬಿದರು. ಅವು ಈಗ ಕಣ್ಣಿನಿಂದಲ್ಲ, ಅವಳ ಕೈಯ ಅಂದಾಜಿನಿಂದ ಓಡಿದವು. ಚಾಲಕರನ್ನೆಲ್ಲ ಮನೆಗೆ ಕಳಿಸಿದರು. ಹುಲಿಗೆವ್ವನನ್ನೂ.

ಅವಳ ಕೈಯನ್ನು ಮಾತ್ರ ಕಳಿಸಲಿಲ್ಲ. ವರ್ಷಕ್ಕೊಮ್ಮೆ ಮೂಲ ಕೈಯ ಜತೆ ತಾಳೆ ನೋಡಬೇಕಲ್ಲ, ಅದಕ್ಕೆ ಕಡಗ. ಇನ್ನೊಂದು ಗೋದಾಮಿನಲ್ಲಿ ಗಾಡಿ ಓಡಿಸುವಂತಿಲ್ಲ, ಓಡಿಸಿದರೆ ಕಂಪನಿಯ ಕೈ ಕದ್ದ ಹಾಗೆ. ಮತ್ತೆ ಸರಕಾರ ಕಾಯ್ದೆಯೊಂದನ್ನು ತಂದಿತು. ಯಂತ್ರಕ್ಕೆ ಮನಸ್ಸಿಲ್ಲ, ಆದ್ದರಿಂದ ಅದಕ್ಕೆ ತಪ್ಪಿಲ್ಲ. ಯಂತ್ರ ಯಾರ ಕೈಯಿಂದ ನಡೆಯುತ್ತದೋ ತಪ್ಪು ಆ ಕೈಯದು. ಕಾಯ್ದೆ ಬರೆದವರ ಕೈಗಳು ಯಾವ ಗಾಡಿಯಲ್ಲೂ ಇರಲಿಲ್ಲ.

*

ಮರುದಿನ ಬುತ್ತಿ ಕಟ್ಟಿಕೊಂಡು ಹುಲಿಗೆವ್ವ ದವಾಖಾನೆಗೆ ಹೋದಳು. ದಾವಲಸಾಬನ ಎಡಗಾಲು ಮೊಣಕಾಲಿನವರೆಗೆ ಮಾತ್ರ ಉಳಿದಿತ್ತು. ಅದರಾಚೆ ಹಾಸಿಗೆ ಸಪಾಟಾಗಿತ್ತು.

ಅವನ ಹೆಂಡತಿ ಬೀಬಿಜಾನ್ ಮಂಚದ ಪಕ್ಕದ ಸ್ಟೂಲಿನಿಂದ ಎದ್ದಳು. ಬೈಯುತ್ತಾಳೆ ಎಂದುಕೊಂಡು ಹುಲಿಗೆವ್ವ ತಲೆ ತಗ್ಗಿಸಿದಳು. ಬೀಬಿಜಾನ್ ಬೈಯಲಿಲ್ಲ. ಹುಲಿಗೆವ್ವನ ಬಲಗೈ ಹಿಡಿದು ಮೇಲೆ ಮಾಡಿದಳು, ಕೆಳಗೆ ಮಾಡಿದಳು, ಅಂಗೈಯ ಗೆರೆಗಳನ್ನು ನೋಡಿದಳು. ಪ್ರತಿ ರಂಜಾನಿಗೆ ತಾನು ಸುರಕುಂಬಾ ಪಾಯಸದ ಬಟ್ಟಲು ಇಟ್ಟುಕೊಡುತ್ತಿದ್ದ ಅದೇ ಕೈ.

"ಇದ ಕೈ ಏನು?" ಎಂದು ಕೇಳಿದಳು.

ಹುಲಿಗೆವ್ವ ಕೈ ಬಿಡಿಸಿಕೊಳ್ಳದೆ ಅವಳ ಹಿಡಿತದಲ್ಲೇ ಬಿಟ್ಟಳು.

"ಬಿಡಬೇ ಆಕೀನ," ಎಂದ ದಾವಲಸಾಬ ಕಣ್ಣು ಬಿಟ್ಟು. ದನಿ ಒಣಗಿತ್ತು. "ಕೂಡ್ರು ತಂಗೆವ್ವಾ. ನನಗೊಂದು ಮಾತು ಹೇಳು. ನನ್ನ ಮ್ಯಾಲೆ ಏನರ ಸಿಟ್ಟಿತ್ತೇನು?"

"ಯಾಕ ದಾವಲಣ್ಣ ಹಂಗ ಕೇಳ್ತಿ?"

"ಟಣ್ ಟಣ್ ಅನ್ನಲಿಲ್ಲಲ್ಲಾ ನೀನು."

ಹುಲಿಗೆವ್ವ ತನ್ನ ಬೆರಳಿನ ಉಂಗುರ ನೋಡಿಕೊಂಡಳು.

ಟಣ್ ಟಣ್ ಎಂಬುದು ಆ ಗೋದಾಮಿನಲ್ಲೇ ಹುಟ್ಟಿದ ಹಮಾಲರ ರೂಢಿ. ಹಳೇ ಗಾಡಿಗಳ ಹಾರ್ನು ಕೆಟ್ಟು ಯಾವ ಕಾಲವಾಗಿತ್ತೋ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ಬೇಡುವುದನ್ನೇ ಬಿಟ್ಟಿದ್ದರು. ಹಿಂದಕ್ಕೆ ಬರುವ ಮುಂಚೆ ಚಾಲಕರು ಬೆರಳಿನ ಉಂಗುರದಿಂದ ಸೀಟಿನ ಪಕ್ಕದ ಕಂಬಕ್ಕೆ ಎರಡು ಸಲ ಬಡಿಯಬೇಕು, ಟಣ್ ಟಣ್. ಬಡಿದು ತಡೆಯಬೇಕು. ಹಿಂದಿದ್ದ ಹಮಾಲ ಸರಿದು ನಿಂತು "ಬಾ" ಎನ್ನಬೇಕು. ಆಮೇಲೆ ಗಾಡಿ ಹಿಂದಕ್ಕೆ. ತಲೆಯ ಮೇಲೆ ಚೀಲ, ಕಣ್ಣ ತುಂಬ ಕಾರ, ಹಮಾಲ ತಿರುಗಿ ನೋಡುವುದಾದರೂ ಹೇಗೆ? ಆ ನೆಲದ ಮೇಲೆ ಮಂದಿ ಕಿವಿಯಿಂದ ಬದುಕುತ್ತಿದ್ದರು. ಹುಲಿಗೆವ್ವ ಗಾಡಿ ಹತ್ತಿದ ಮೊದಲ ದಿನ ತನ್ನ ಹಿತ್ತಾಳೆ ಉಂಗುರ ಬಿಚ್ಚಿ ಅವಳಿಗೆ ಕೊಟ್ಟವನೇ ದಾವಲಸಾಬ. "ಬ್ರೇಕ್ ಮರತ್ರ ಮರಿ, ಇದನ್ನ ಮರೀಬ್ಯಾಡ" ಎಂದಿದ್ದ.

ಗವಸು ಆ ಅಭ್ಯಾಸವನ್ನೂ ಹೀರಿತ್ತು. ಗಾಡಿಗಳಿಗೆ ಉಂಗುರವಿಲ್ಲ, ಬಡಿಯಲು ಬೆರಳೂ ಇಲ್ಲ. ಕೈಯ ಆ ಎರಡು ಕುಲುಕು ಹೋಗಿ ಲಿವರಿನ ಮೇಲೆ ಬಿದ್ದವು. ಹಿಂದಕ್ಕೆ ಬರುವ ಮುಂಚೆ ಪ್ರತಿ ಗಾಡಿಯ ಮುಂದೆ ಚೀಲ ಎತ್ತುವ ಎರಡು ಕಬ್ಬಿಣದ ನಾಲಗೆಗಳೂ ಎರಡು ಸಲ ಟಣಗುಟ್ಟಿ, ಅವಳು ತಡೆಯುತ್ತಿದ್ದಷ್ಟೇ ಹೊತ್ತು ತಡೆದು, ಆಮೇಲೆ ಹೊರಡುತ್ತಿದ್ದವು. ಮೊದಲ ದಿನ ಅದನ್ನು ಕೇಳಿ ಹಮಾಲರು ಕುಣಿದಾಡಿದ್ದರು. "ಹುಲಿಗೆವ್ವ ಬಂದ್ಲೋ! ಬಾ ನಮ್ಮವ್ವಾ, ಬಾ!" ಗಾಡಿಗೆ ಕಿವಿ ಇಲ್ಲವೆಂದು ಗೊತ್ತಿದ್ದೂ ಮೂರು ವರ್ಷ "ಬಾ" ಎನ್ನುವುದನ್ನು ಬಿಟ್ಟಿರಲಿಲ್ಲ.

"ನಾ ಚೀಲಕ್ಕ ಪ್ಲಾಸ್ಟಿಕ್ ಸುತ್ತಾಕತ್ತಿದ್ದೆ," ಎಂದ ದಾವಲಸಾಬ. "ಗಾಡಿ ಹಿಂದ ಐತಿ ಅಂತ ಗೊತ್ತಿತ್ತು. ಟಣ್ ಟಣ್ ಅನ್ನಲಿ, ಸರದ್ರಾತು ಅಂತ ಮಾಡಿದ್ದೆ. ಇಪ್ಪತ್ತು ವರ್ಷ ಹಂಗ ಸರದೇನಿ. ಆ ಸಪ್ಪಳಾ ಬರಲಿಲ್ಲ ತಂಗೆವ್ವಾ. ಗಾಡೀನ ಬಂತು."

ಆಚೆ ಮಂಚದವರು ಇತ್ತ ನೋಡುತ್ತಿದ್ದರು. ಬೀಬಿಜಾನ್ ಬುತ್ತಿ ಬಿಚ್ಚಿ ರೊಟ್ಟಿ ಮುರಿದಳು. ಒಂದು ಚೂರನ್ನು ಗಂಡನ ಬಾಯಿಗಿಟ್ಟಳು, ಇನ್ನೊಂದನ್ನು ಸುಮ್ಮನೆ ಹುಲಿಗೆವ್ವನ ಕೈಗೆ ಕೊಟ್ಟಳು.

*

ಆ ಸಂಜೆ ಸಂಕವ್ವ ಸೊಸೆಯ ಕೈಗೆ ಸಾಬೂನು ಹಚ್ಚಿದಳು. ಬಳೆಗಾರ ಮಾಡುವಂತೆ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ, ಹೆಬ್ಬೆರಳನ್ನು ಅಂಗೈಗೆ ಮಡಚಿ, ಕಡಗವನ್ನು ಜಗ್ಗಿದಳು. ಹುಲಿಗೆವ್ವನ ಚರ್ಮ ಕೆಂಪಾಯಿತು. ಕಡಗ ಜರುಗಲಿಲ್ಲ. "ಕೈಗೆ ಒತ್ತಡ ಬೀಳುತ್ತಿದೆ, ದಯವಿಟ್ಟು ನಿಲ್ಲಿಸಿ" ಎಂದಿತು ಹೆಣ್ಣುದನಿ.

"ನೀ ಯಾವಾಕೆವಾ ನಡಕ ಬಾಯಿ ಹಾಕಾಕಿ?" ಎಂದು ಸಂಕವ್ವ ಕಡಗಕ್ಕೇ ಬೈದಳು. "ನನ್ನ ಮಗನ ಕೈ ಸುಟ್ಟು ಹೋದದ್ದು ಫ್ಯಾಕ್ಟರಿ ಒಲಿಯಾಗ. ಅವನೂ ಹೋದ, ಮಣ್ಣಿಗಿಟ್ವಿ, ಮುಗೀತು. ಇದೇನು ಕೈ ಇದು, ಇದ್ದೂ ಇಲ್ಲ, ಬಿಡಂಗೂ ಇಲ್ಲ!"

ಹುಲಿಗೆವ್ವ ಸಾಬೂನು ತೊಳೆದುಕೊಂಡು ಗೋಡೆಗೊರಗಿ ಕುಳಿತಳು. ಬೇರೆ ಗೋದಾಮಿನ ಬಾಗಿಲು ಮುಚ್ಚಿದೆ. ಜಿಲ್ಲೆಯ ಗಡಿ ಮುಚ್ಚಿದೆ. ತನ್ನದೇ ತೋಳಿನ ತುದಿಗೆ ಇನ್ಯಾರದೋ ಬೀಗ. ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿದಳು. ಅಲ್ಲಿ ಕತ್ತಲ ಗೋದಾಮಿನಲ್ಲಿ ಇಪ್ಪತ್ತೆರಡು ಕಡೆ ಇದೇ ಬೆರಳುಗಳು ಮಡಚಿ ಕೂತಿವೆ ಅನ್ನಿಸಿತು. ಒಂದೇ ಒಂದು ಪ್ರಶ್ನೆ ನೊಣದ ಹಾಗೆ ಸುತ್ತುತ್ತಿತ್ತು. ತಾನು ಟಣ್ ಟಣ್ ಮರೆತದ್ದು ಯಾವಾಗ? ರೊಟ್ಟಿ ಬಡಿಯುವ ಕಲ್ಲಿನ ಅಂಚಿಗೆ ಕೈ ತಾನಾಗಿ ಹೋಯಿತು. ಉಂಗುರ ತಾಗಿತು. ಟಣ್ ಟಣ್. ಮರೆತಿರಲಿಲ್ಲ.

ಹಾಗಾದರೆ ಮರೆಸಿದವರು ಯಾರು?

*

ಮೂರನೇ ದಿನ ಕರೆ ಬಂತು. ಗೋದಾಮಿನ ಮೇಲುಮಹಡಿಯಲ್ಲಿ ಕಂಟ್ರೋಲ್ ರೂಮು. ಒಳಗೆ ಕಾರದ ವಾಸನೆಯೇ ಇಲ್ಲ, ಎಸಿ. ಒಂದು ಕಡೆ ಪೂರ್ತಿ ಗಾಜಿನ ಗೋಡೆ, ಅದರ ಕೆಳಗೆ ಗೋದಾಮಿನ ಇಡೀ ನೆಲ. ಅಪಘಾತದ ದಿನ ನಿಲ್ಲಿಸಿದ ಇಪ್ಪತ್ತೆರಡು ಗಾಡಿಗಳೂ ರ್‍ಯಾಕುಗಳಿಗೆ ಮುಖ ಕೊಟ್ಟು, ಚೀಲ ಹೊತ್ತುಕೊಂಡೇ ನಿಂತಿದ್ದವು. ಅವುಗಳ ಹಿಂದೆ ಹಮಾಲರು ಬೆನ್ನ ಮೇಲೆ ಮಾಲು ಹೊರುತ್ತಿದ್ದರು. ಮೆಣಸಿನಕಾಯಿ ಸುಗ್ಗಿ, ಲಾರಿ ನಿಂತಿವೆ, ಗಾಡಿ ನಿಂತರೆ ಮಂದಿ ನಿಲ್ಲುವಂತಿಲ್ಲ. ಅವರ ಉಸುರು, ಕೂಗು, ಚೀಲ ಬಿದ್ದ ಸಪ್ಪಳ ಗೋಡೆಯ ಸ್ಪೀಕರಿನಲ್ಲಿ ಸಣ್ಣಗೆ ಕೇಳುತ್ತಿತ್ತು.

"ಬಾ ಹುಲಿಗೆವ್ವ, ಚಾ ಕುಡೀತಿ?" ಎಂದ ಮ್ಯಾನೇಜರ್ ಪಟ್ಟಣಶೆಟ್ಟಿ. ಇಷ್ಟು ವರ್ಷದಲ್ಲಿ ಅವನು ಅವಳಿಗೆ ಚಹಾ ಕೇಳಿದ್ದು ಇದೇ ಮೊದಲು.

"ಒಲ್ಲೆರಿ."

"ಹೆದರಬ್ಯಾಡ. ತಪ್ಪು ನಿಂದಲ್ಲ ಅಂತ ತೋರಸೂಣು. ಅದಕ್ಕ ಕರಸೇನಿ. ವಿಭಾ, ಆ ಗೆರಿ ತೋರಸಮ್ಮಾ."

ವಿಭಾ ಕಂಪನಿಯ ಎಂಜಿನಿಯರು, ಗಾಡಿಗಳಿಗೆ ಕೈ ತುಂಬುವ ಕೆಲಸದವಳು. ಎರಡು ರಾತ್ರಿ ಮಲಗದವಳ ಮುಖ. ಪರದೆಯ ಮೇಲೆ ಎರಡು ಗೆರೆ ಮೂಡಿದವು, ಮೇಲೊಂದು ಕೆಳಗೊಂದು.

"ಇದು ನೀವು ಕೊಟ್ಟ ಕೈ," ಎಂದಳು ವಿಭಾ. "ಇದು ಈಗ ಗಾಡಿಯಲ್ಲಿರೋದು. ಹಿಂದಕ್ಕೆ ಬರೋ ಹೊತ್ತಿನದು ಎರಡೂ."

ಹುಲಿಗೆವ್ವ ನಾಲ್ಕನೇ ಇಯತ್ತೆಯವರೆಗೆ ಓದಿದವಳು. ಇಂಥ ಗೆರೆ ಅವಳು ಕಂಡದ್ದು ಆಸ್ಪತ್ರೆಯಲ್ಲಿ ಮಾತ್ರ. ಆದರೂ ಎದ್ದು ಹತ್ತಿರ ಹೋದಳು. ಮೇಲಿನ ಗೆರೆಯಲ್ಲಿ ಒಂದರ ಪಕ್ಕ ಒಂದು ಎರಡು ಸಣ್ಣ ಗುಡ್ಡ, ಆಮೇಲೆ ಸಪಾಟು ಬಯಲು. ಕೆಳಗಿನ ಗೆರೆ ನೆಟ್ಟಗೆ ಇಳಿದು ಹೋಗಿತ್ತು.

"ಈ ಎರಡು ಗುಡ್ಡ ಎಲ್ಲಿ ಹೋದ್ವು?"

ವಿಭಾ ಮ್ಯಾನೇಜರನ ಮುಖ ನೋಡಿದಳು.

"ಅದು ನಡುಕ," ಎಂದ ಪಟ್ಟಣಶೆಟ್ಟಿ. "ಕೈ ನಡುಗಿದ್ದು. ಆಮ್ಯಾಲೆ ಎರಡೂವರಿ ಸೆಕೆಂಡ್ ಸುಮ್ನ ನಿಂದರೋದು. ದಿನಕ್ಕ ಎಷ್ಟು ಸಾವಿರ ಸಲ ಗಾಡಿ ಹಿಂದಕ್ಕ ಬರ್ತಾವು, ವಿಚಾರ ಮಾಡು! ಹನ್ನೊಂದನೇ ತಾರೀಕ ಮುಂಜಾನೆ ಅದನ್ನ ಸ್ವಚ್ಛ ಮಾಡಿಸಿದ್ವಿ."

"ಹಮಾಲರಿಗೆ ಹೇಳಿದ್ರೇನ್ರಿ?"

"ಅವರಿಗೇನು ಹೇಳೋದದರಾಗ? ಸಾಫ್ಟ್‌ವೇರ್ ವಿಷಯ."

ಸ್ವಚ್ಛ. ಎರಡು ಬಡಿತ, ಒಂದು ತಡೆ, ಒಂದು "ಬಾ". ಒಂದು ನೆಲದ ಮಂದಿ ಹಾರ್ನು ಬೇಡಿ ಬೇಡಿ ಸಿಗದೆ ತಾವೇ ಕಟ್ಟಿಕೊಂಡ ಪ್ರಾಣದ ಗೋಡೆ ಅದು. ಅದನ್ನು ಮೇಲುಮಹಡಿಯವರು ಕಸವೆಂದು ಗುಡಿಸಿದ್ದರು.

"ಅದು ನಡುಕ ಅಲ್ರಿ ಸಾಹೇಬ್ರ," ಎಂದಳು ಹುಲಿಗೆವ್ವ. "ಹಿಂದಿದ್ದವರನ್ನ ಕೇಳೋದು."

"ಇರಲಿ, ಇರಲಿ. ಈಗ ಕೇಳಿಲ್ಲೆ." ಪಟ್ಟಣಶೆಟ್ಟಿ ಕುರ್ಚಿ ಹತ್ತಿರಕ್ಕೆಳೆದ. "ಮೂರು ಗಂಟೆಗೆ ಲೇಬರ್ ಇನ್‌ಸ್ಪೆಕ್ಟರ್ ಬರ್ತಾರ. ಗಾಡಿಯಾಗಿನ ಕೈ, ಮೂಲ ಕೈ ಬ್ಯಾರೆ ಬ್ಯಾರೆ ಇದ್ರ ತೊಂದ್ರಿ. ನೀ ಗವಸು ಹಾಕ್ಕೊಂಡು ಒಂದು ಸಲ ಹಿಂದಕ್ಕ ತಗೊಂಡು ತೋರಸು. ಆ ಟಕಟಕ ಇಲ್ಲದ, ನಿಂದರದ, ಸೀದಾ. ಅದ ನಿನ್ನ ಮೂಲ ಕೈ ಅಂತ ದಾಖಲಾಗತೈತಿ. ಎರಡೂ ಗೆರಿ ಒಂದಾದ್ರ ಕೈದೂ ತಪ್ಪಿಲ್ಲ, ಗಾಡೀದೂ ತಪ್ಪಿಲ್ಲ. ದಾವಲಸಾಬಂದು ಗಮನ ಇರಲಿಲ್ಲ, ನಿಂದರಬಾರದ ಕಡೆ ನಿಂತ. ಮುಗೀತು. ಸಂಜಿಗೆ ನಿನ್ನ ಕಡಗ ಬಿಚ್ಚಸ್ತೇನಿ."

"ಬಿಚ್ಚಸ್ತೀರಿ?"

"ನನ್ನ ಮಾತು. ಎಲ್ಲೆ ಬೇಕಾದ್ರ ದುಡಿ. ಹಂಗಲ್ಲದ ನೀ ಹಟಾ ಮಾಡಿದ್ರ, ಕೈ ನಡುಗೋ ಕೈ, ದೋಷದ ಕೈ ಅಂತ ನಾನ ಬರೀಬೇಕಾಗತೈತಿ. ಕೋರ್ಟು, ಕೇಸು. ಎಷ್ಟು ವರ್ಷೋ, ಕಡಗ ಹಂಗ ಇರತೈತಿ. ಕಾಯ್ದೆ ನಾ ಮಾಡಿದ್ದಲ್ಲ."

ಹುಲಿಗೆವ್ವ ಕೆಳಗೆ ನೋಡಿದಳು. ಕಡಗವಿಲ್ಲದ ಮಣಿಕಟ್ಟು ಹೇಗಿತ್ತೆಂಬುದೇ ಅವಳಿಗೆ ಮರೆತುಹೋಗಿತ್ತು.

"ಸರ್," ಎಂದಳು ವಿಭಾ ಮೆಲ್ಲಗೆ. "ದಾಖಲು ಮಾಡಿ ಒಂದೊಂದೇ ಗಾಡಿಗೆ ತುಂಬೋಕೆ ನಾಳೆ ಸಂಜೆ ಆಗುತ್ತೆ."

"ಟೈಮ್ ಎಲ್ಲೈತಮ್ಮಾ? ನೇರ ಜೋಡಸು ಎಲ್ಲಾನೂ. ಆಕಿ ಕೈ ಆಡಿದಂಗ ಅವೂ ಆಡ್ಲಿ. ಇನ್‌ಸ್ಪೆಕ್ಟರ್ ಬರೋದ್ರಾಗ ಗಾಡಿ ಓಡಾಕತ್ತಿರಬೇಕು."

"ಕೆಳಗೆ ಜನ ಇದಾರೆ ಸರ್. ಕ್ಯಾಮೆರಾಗಳನ್ನ ನೀವೇ ಮಂದ ಮಾಡಿಸಿದ್ದೀರಿ, ಧೂಳಿಗೆ ಗಾಡಿ ನಿಲ್ಲುತ್ತವೆ ಅಂತ."

"ಗಾಡಿ ಹೊಂಟಿದ್ದು ಕಂಡ್ರ ಸರೀತಾರ. ಕಾಲಿಲ್ಲೇನು ಅವರಿಗೆ?"

ಆ ಮಾತು ಪಟ್ಟಣಶೆಟ್ಟಿಗೂ ಕೇಳಿಸಿರಬೇಕು. ಅವನು ಕೆಮ್ಮಿ ಗಡಿಯಾರ ನೋಡಿದ.

ಗವಸು ತೊಡಿಸುವಾಗ ವಿಭಾಳ ಬೆರಳು ತಣ್ಣಗಿದ್ದವು. ಉಂಗುರದ ಹತ್ತಿರ ಗವಸು ತಡೆಯಿತು. "ಉಂಗುರ ಬಿಚ್ತೀರಾ ಅಕ್ಕಾ?" ಎಂದಳು.

"ಅವಾಗೂ ಇದನ್ನ ಬಿಚ್ಚಿದ್ದಿಲ್ಲ ತಂಗಿ."

ವಿಭಾ ಗವಸನ್ನು ಉಂಗುರದ ಮೇಲೆಯೇ ಎಳೆದಳು.

ಹುಲಿಗೆವ್ವ ಕುರ್ಚಿಯಲ್ಲಿ ಕೂತಳು. ಪಕ್ಕದಲ್ಲಿ ಒಂದು ಲಿವರು, ಅದರ ಮಗ್ಗುಲಿಗೆ ಕುರ್ಚಿಯ ಉಕ್ಕಿನ ಕೋಲು. ಬೆರಳಿಗೆ ಜುಮ್ಮೆಂದಿತು. ಆಮೇಲೆ ಭಾರ ಬಂತು. ಒಂದು ಗಾಡಿಯ ಭಾರವಲ್ಲ. ಇಪ್ಪತ್ತೆರಡು ಗಾಡಿಗಳ ಚೀಲಗಳೂ ಒಮ್ಮೆಲೇ ಅವಳ ಮಣಿಕಟ್ಟಿಗೆ ತೂಗಿದವು. ಕೆಳಗೆ ಇಪ್ಪತ್ತೆರಡು ಮೋಟಾರು ಗುರ್ ಎಂದವು. ಗಾಡಿಗಳು ಜೀವ ತಾಳಿದ್ದು ಕೇಳಿ ಹಮಾಲರ ಕೂಗು ತಗ್ಗಿತು. ಕೆಲವರು ಚೀಲ ಹೊತ್ತೇ ನಿಂತರು. ಗಾಡಿಗಳ ಹಿಂದಿನ ಇಕ್ಕಟ್ಟು ದಾರಿಯಲ್ಲಿ ಎಷ್ಟು ಜನರಿದ್ದಾರೆಂದು ಎಣಿಸಲು ಹೋದಳು. ಕೆಂಪು ಧೂಳಿನಲ್ಲಿ ಎಣಿಕೆ ತಪ್ಪಿತು. ಹದಿನೇಳನೆಯದರ ಹಿಂದಿನ ಕಂಬವನ್ನು ಯಾರೋ ತೊಳೆದಿದ್ದರು, ಅದೊಂದೇ ಬೆಳ್ಳಗಿತ್ತು.

"ಹಾಂ, ಲಿವರ್ ಹಿಂದಕ್ಕ ತಗೋ," ಎಂದ ಪಟ್ಟಣಶೆಟ್ಟಿ.

ಬೆರಳು ಲಿವರಿನ ಮೇಲಿತ್ತು. ಅದನ್ನು ಒಂದು ಅಂಗುಲ ಎಳೆದರೆ ಸಾಕು, ಸಂಜೆಗೆ ಕಡಗ ಬಿಚ್ಚುತ್ತದೆ. ಅತ್ತೆಯ ಸಾಬೂನಿಗೆ ಬಿಚ್ಚದ್ದು ಒಂದು ಅಂಗುಲಕ್ಕೆ ಬಿಚ್ಚುತ್ತದೆ.

"ಹುಲಿಗೆವ್ವ! ಹಿಂದಕ್ಕ ತಗೋ ಅಂದೆ."

ಕೈ ಲಿವರು ಬಿಟ್ಟಿತು. ಪಕ್ಕದ ಉಕ್ಕಿನ ಕೋಲಿಗೆ ಹೋಗಿ ಬಡಿಯಿತು. ಟಣ್ ಟಣ್.

ಕೆಳಗೆ ನಲವತ್ತನಾಲ್ಕು ಕಬ್ಬಿಣದ ನಾಲಗೆಗಳು ಒಟ್ಟಿಗೆ ಎರಡು ಸಲ ನುಡಿದವು. ರ್‍ಯಾಕುಗಳು ನಡುಗಿ ಮಾಡಿನ ತಗಡಿನವರೆಗೂ ಸದ್ದು ಏರಿತು. ಗಾಜಿನ ಗೋಡೆ ಗುಂಯ್ ಎಂದಿತು. ಗೋದಾಮಿನ ತುಂಬ ಹಮಾಲರು ಚೀಲ ಇಳಿಸಿ ತಲೆಯೆತ್ತಿದರು.

"ಹುಲಿಗೆವ್ವ ಬಂದ್ಲೋ," ಎಂದ ಯಾರೋ. ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳಿತು. ಈ ಸಲ ಯಾರೂ ಕುಣಿಯಲಿಲ್ಲ.

"ಅದನ್ನ ಮಾಡಬ್ಯಾಡ ಅಂತ ಹೇಳಿದ್ನಿಲ್ಲ!" ಪಟ್ಟಣಶೆಟ್ಟಿ ಎದ್ದು ನಿಂತ. "ಇರಲಿ, ವಿಭಾ ಅದನ್ನ ಕತ್ತರಸ್ತಾಳ. ಈಗ ಹಿಂದಕ್ಕ ತಗೋ."

"ಕತ್ತರಿಸೋಕಾಗಲ್ಲ ಸರ್," ಎಂದಳು ವಿಭಾ ಪರದೆಯಿಂದ ಕಣ್ಣೆತ್ತದೆ. "ನೇರ ಜೋಡಿಸಿದೆ. ಇದೇ ಈಗ ಮೂಲ ದಾಖಲೆ."

ಪರದೆಯ ಮೇಲೆ ಎರಡು ಗುಡ್ಡ ಎದ್ದಿದ್ದವು. ಅದರಾಚೆ ಬಯಲು. ಬಯಲು ಉದ್ದವಾಗುತ್ತಲೇ ಇತ್ತು.

"ಎಷ್ಟೊತ್ತು ನಿಂದರ್ತಿ?"

"ಹಿಂದಿದ್ದವರು ಬಾ ಅನ್ನೂತನಕಾ."

ಪಟ್ಟಣಶೆಟ್ಟಿ ಗೋಡೆಯ ಮೈಕು ಕಿತ್ತು ಹಿಡಿದ. ಅವನ ದನಿ ಕೆಳಗೆ ಗೋದಾಮಿನಲ್ಲೆಲ್ಲ ಮೊಳಗಿತು. "ಏ! ಯಾರರ ಒಬ್ರು ಬಾ ಅನ್ರೋ!"

ಹಮಾಲರು ಮೇಲಿನ ಗಾಜಿನ ಕಡೆ ನೋಡಿದರು. ಒಬ್ಬ ಮುದುಕ ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ. ಇನ್ನೊಬ್ಬ ಹದಿನೇಳನೆಯ ಗಾಡಿಯ ಹಿಂದೆ ಹೋಗಿ, ತೊಳೆದ ಕಂಬಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತ. ಅವನ ಪಕ್ಕ ಮತ್ತೊಬ್ಬ ಕುಳಿತ. ನೋಡುನೋಡುತ್ತ ಪ್ರತಿ ಗಾಡಿಯ ಹಿಂದೆಯೂ ಒಬ್ಬರೋ ಇಬ್ಬರೋ ಕುಳಿತಿದ್ದರು.

"ಅನ್ರೋ! ಒಂದು ಮಾತು! ಬಾ ಅನ್ನಾಕ ಏನಾಗೇತಿ ನಿಮಗ?"

ಸ್ಪೀಕರಿನಲ್ಲಿ ಮೋಟಾರುಗಳ ಗುರ್ ಮಾತ್ರ. ಯಾರೋ ಕಾರಕ್ಕೆ ಸೀನಿದರು.

ಪಟ್ಟಣಶೆಟ್ಟಿ ಮೈಕು ಬಿಟ್ಟು ಹುಲಿಗೆವ್ವನ ಕಡೆ ತಿರುಗಿದ. "ಕಡಗ ಸಾಯೂತನಕಾ ಕೈಯಾಗಿರತೈತಿ, ತಿಳೀತಿಲ್ಲೋ? ಕಡೀ ಸಲ ಹೇಳ್ತೇನಿ. ತಗೋ ಹಿಂದಕ್ಕ."

ಮಣಿಕಟ್ಟಿಗೆ ಇಪ್ಪತ್ತೆರಡು ಗಾಡಿಗಳ ಭಾರ ಜಗ್ಗುತ್ತಿತ್ತು. ತೋಳು ಸೋಲತೊಡಗಿತ್ತು. ಹುಲಿಗೆವ್ವ ಗವಸಿನ ಕೈಯನ್ನು ಉಕ್ಕಿನ ಕೋಲಿನ ಮೇಲೆ ಊರಿ, ಎಡಗೈಯಿಂದ ಅದನ್ನು ಗಟ್ಟಿಯಾಗಿ ಅದುಮಿ ಹಿಡಿದಳು.

"ಹಿಂದ ಮಂದಿ ಅದಾರ್ರಿ," ಎಂದಳು. "ನಾ ತಗೊಳ್ಳಂಗಿಲ್ಲ."